ರೈಗಳಿಗೆ ವಾಚು ರಜೆ ಕೊಟ್ಟಿದೆ

"ರೈಗಳೇ, ನಿಮ್ಮ ಮಂಡಿ ಯಾಕೆ ಬೂತಾಯಿ ನಾರ್ತದೆ?" ಪಂಡಿತರು ಮೂಗಿಗೆ ಬೈರಾಸು ಹಿಡಿದು ಬೆಂಚಿನ ತುದಿಗೆ ಸರಿದರು.

"ಐಸ್ ಇಟ್ಟದ್ದು" ಎಂದರು ಬ್ಯಾಂಕಿನ ರೈಗಳು. "ಫ್ರಿಜ್ಜಿನ ಐಸು ಸಾಕಾಗಲಿಲ್ಲ. ಮೀನಿನ ಗಾಡಿಯವನ ಪೆಟ್ಟಿಗೆಯಿಂದ ಒಂದು ಚೀಲ ತಂದೆ."

"ಎಷ್ಟು ಹೊತ್ತು ಇಟ್ರಿ?"

"ವಾರ್ತೆ ಮುಗಿದು ಧಾರಾವಾಹಿ ಮುಗಿಯುವವರೆಗೆ."

ಮಂಡಿ ಕೆಂಪಗಾಗಿತ್ತು. ಅದರ ಸುತ್ತ ನೀಲಿ ಟೇಪು. ಮೀನಖಂಡಕ್ಕೆ ಬಿಗಿ ಚೀಲ. ನೀರ್ಚಾಲಿನಲ್ಲಿ ಈಗ ಬೆಳಗಾದರೆ ರಸ್ತೆ ತುಂಬ ಇದೇ ವೇಷ. ಬೇಕಲ ಕೋಟೆಯ ಹತ್ತಿರ ಯಾವುದೋ ಓಟ ಉಂಟಂತೆ, 21 ಕಿಲೋಮೀಟರ್. ದುಡ್ಡು ಕಟ್ಟಿ ಓಡಬೇಕು. ಓಡಿ ಮುಗಿಸಿದರೆ ಒಂದು ಪದಕ, ಒಂದು ಬಾಳೆಹಣ್ಣು.

"ಶಿವಪ್ಪ ನಾಯಕ ಬೇಕಲದಲ್ಲಿ ಕೋಟೆ ಕಟ್ಟಿಸಿದ್ದು ಸಮುದ್ರದ ಕಡೆಯಿಂದ ಶತ್ರು ಬಂದಾನು ಅಂತ" ಎಂದರು ಡ್ರಿಲ್ ಮಾಷ್ಟ್ರು. "ಕುಂಬಳೆ ಕಡೆಯಿಂದ ಕುಂಟಿಕೊಂಡು ಬರುವವರ ಬಗ್ಗೆ ಪಾಪ ಅವನು ಯೋಚನೆಯೇ ಮಾಡಿರಲಿಲ್ಲ."

"ನಗಬೇಡಿ ಮಾಷ್ಟ್ರೇ. ಐಸ್ ಇಡಬೇಕು ಅಂತ ಎಲ್ಲರೂ ಹೇಳ್ತಾರೆ."

"ಹೇಳ್ತಾರೆ. ಅಮೆರಿಕದ ಡಾಕ್ಟ್ರು ಗೇಬ್ ಮಿರ್ಕಿನ್ 1978ರಲ್ಲಿ ಪುಸ್ತಕದಲ್ಲಿ ಬರೆದ್ರು. ರೆಸ್ಟು, ಐಸು, ಬಿಗಿಪಟ್ಟಿ, ಕಾಲು ಎತ್ತರಕ್ಕಿಡುವುದು. ಲೋಕವೆಲ್ಲ ಪಾಲಿಸಿತು. ನಾನೂ ಮಕ್ಕಳಿಗೆ ಅದನ್ನೇ ಕಲಿಸಿದವ. 2014ರಲ್ಲಿ ಅದೇ ಮಿರ್ಕಿನ್, ಐಸು ಮತ್ತೆ ಪೂರ್ತಿ ರೆಸ್ಟು ಎರಡೂ ಗುಣ ಆಗುವುದನ್ನು ತಡ ಮಾಡಬಹುದು ಅಂತ ಬರೆದ್ರು. ಊದಿಕೊಳ್ಳುವುದು ಕೂಡ ದೇಹದ ರಿಪೇರಿ ಕೆಲಸವೇ ಅಲ್ವಾ? ಹೊಸ ಪೆಟ್ಟು, ನೋವು ತಡೆಯಲಿಕ್ಕಾಗುವುದಿಲ್ಲ ಅಂದ್ರೆ ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಸಾಕು. ಧಾರಾವಾಹಿ ಮುಗಿಯುವವರೆಗೆ ಇಟ್ರೆ ಚರ್ಮ ಸುಟ್ಟುಹೋಗ್ತದೆ."

"ಒಂದು ಚೀಲ ಐಸಿನಲ್ಲಿ ಒಂದು ಮೀನಾದ್ರೂ ಬಂತಾ?" ಹೋಟೆಲಿನ ಮೂಸಚ್ಚನಿಗೆ ವ್ಯಾಪಾರದ ಚಿಂತೆ.

"ಅದು ಬಿಡಿ. ಇನ್ನು 53 ಗಂಟೆ ನಾನು ಎಂತದೂ ಮಾಡುವ ಹಾಗಿಲ್ಲ" ಎಂದರು ರೈಗಳು.

"ಯಾವ ಡಾಕ್ಟ್ರು ಹೇಳಿದ್ದು?"

"ವಾಚು ಹೇಳಿದ್ದು." ರೈಗಳು ತೋಳು ಮುಂದೆ ಚಾಚಿದರು. "ಎದೆಬಡಿತ, ಹೆಜ್ಜೆ, ನಿದ್ದೆ, ಎಲ್ಲ ಲೆಕ್ಕ ಹಾಕಿ ಹೇಳ್ತದೆ."

"ನಿನ್ನೆ ನಿದ್ದೆ ಬಂತಾ?" ಎಂದು ಮಾಷ್ಟ್ರು ಕೇಳಿದರು.

ರೈಗಳು ವಾಚು ನೋಡಿದರು. "ಬಂದಿದೆ."

"ಹಸಿವು ಉಂಟಾ?"

ರೈಗಳು ಮತ್ತೆ ವಾಚು ನೋಡಹೊರಟು ಅರ್ಧದಲ್ಲಿ ಕೈ ಇಳಿಸಿದರು. ಮೂಸಚ್ಚ ಎರಡು ಪರೋಟ ತಂದಿಟ್ಟರು.

"ನನಗೊಂದು ಅರ್ಥ ಆಗುವುದಿಲ್ಲ" ಎಂದರು ಮಾಷ್ಟ್ರು. "ತೋಟಕ್ಕೆ ಗೊಬ್ಬರ ಹೊರಲಿಕ್ಕೆ ದಮ್ಮು ಸಾಲುವುದಿಲ್ಲ, ಅದಕ್ಕೆ ಓಡ್ತೇನೆ ಅಂದವರು ನೀವೇ ಅಲ್ವಾ?"

"ಹೌದು."

"ಈಗ ಗೊಬ್ಬರ?"

"ಓಡಿದ ಮೇಲೆ ರೆಸ್ಟ್ ಬೇಕಲ್ಲ ಮಾಷ್ಟ್ರೇ. ಮನೆಯವಳಿಗೆ ವಾಚು ತೋರಿಸಿದೆ. ಅವಳು ಒಬ್ಬಳೇ ಹೊತ್ತು ಹಾಕಿದಳು."

"ಅವರಿಗೆ ವಾಚು?"

"ಅವಳಿಗೆ ಯಾಕೆ? ಅವಳು ಓಡುವುದಿಲ್ಲವಲ್ಲ."

ಮಾಷ್ಟ್ರು ಇದಕ್ಕೆ ಉತ್ತರ ಕೊಡಲಿಲ್ಲ. ರೈಗಳ ಮಂಡಿಯ ಟೇಪು ಬಿಚ್ಚಿದರು. ಚಿಪ್ಪಿನ ಸುತ್ತ ಹೆಬ್ಬೆರಳಿನಿಂದ ಒತ್ತಿದರು. ಮೆಟ್ಟಿಲು ಇಳಿಯುವಾಗ ಜಾಸ್ತಿಯಾ? ಹೌದು. ತುಂಬ ಹೊತ್ತು ಕೂತು ಎದ್ದರೆ? ಹೌದು. ಊತ, ಸಿಕ್ಕಿಹಾಕಿಕೊಂಡ ಹಾಗೆ ಆಗುವುದು? ಇಲ್ಲ.

"ಓಡುವವರ ಮಂಡಿನೋವು ಇದೇ. ಮೊನ್ನೆಯವರೆಗೆ ಶಾಲೆಯವರೆಗೆ ಹೋಗಿ ಬರ್ತಿದ್ರಿ. ಒಮ್ಮೆಲೇ ಬದಿಯಡ್ಕ ದಾಟಿ ಹೋದದ್ದು ಯಾಕೆ?"

"ಗ್ರೂಪಿನಲ್ಲಿ ಹಲ್ಲಿನ ಡಾಕ್ಟ್ರು ಫೋಟೋ ಹಾಕಿದ್ರು. ಅವರು ಮುಳ್ಳೇರಿಯಕ್ಕೆ ಹೋಗಿದ್ರು."

"ಅದೇ ಮೂಲ. ಓಟದ ನೋವು ಹೆಚ್ಚಿನವು ಬಿದ್ದು ಎದ್ದು ಬಂದದ್ದಲ್ಲ. ಆಸೆಯಿಂದ ಬಂದದ್ದು. ದಮ್ಮು ಬೇಗ ಬರ್ತದೆ ರೈಗಳೇ, ಕೆಲವೇ ವಾರ ಸಾಕು. ಎಲುಬು, ಸ್ನಾಯುವಿನ ತುದಿ ಗಟ್ಟಿಯಾಗಲಿಕ್ಕೆ ತಿಂಗಳುಗಟ್ಟಲೆ ಬೇಕು. ಎದೆ ಹೋಗುವಾ ಅಂತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ."

"ಅದಕ್ಕೆ ವಾರಕ್ಕೆ ಹತ್ತು ಪರ್ಸೆಂಟ್ ಏರಿಸಬೇಕು ಅಂತ ನಿಯಮ ಉಂಟು. ನಾನು ಲೆಕ್ಕ ಹಾಕಿ ನೋಡಿದೆ. ಚಕ್ರಬಡ್ಡಿ ಹಾಗೆ ಬರ್ತದೆ."

"ಬ್ಯಾಂಕಿನವರಿಗೆ ಎಲ್ಲಿ ಹೋದರೂ ಬಡ್ಡಿ! ನೆದರ್‌ಲ್ಯಾಂಡಿನ ಗ್ರೋನಿಂಗೆನ್‌ನವರು 2008ರಲ್ಲಿ ಅದನ್ನೂ ಪರೀಕ್ಷೆ ಮಾಡಿದ್ದಾರೆ. ಹೊಸದಾಗಿ ಓಡುವ ಐನೂರು ಚಿಲ್ಲರೆ ಜನ. ಅರ್ಧ ಜನರಿಗೆ 13 ವಾರದ ನಿಧಾನ ತಯಾರಿ, ಉಳಿದವರಿಗೆ 8 ವಾರದ್ದು. ಎರಡು ಕಡೆಯೂ ಐದರಲ್ಲಿ ಒಬ್ಬರಿಗೆ ನೋವು ಬಂತು. ಹತ್ತು ಪರ್ಸೆಂಟು ಮಂತ್ರ ಏನಲ್ಲ. ಹಾಗಂತ ಬದಿಯಡ್ಕಕ್ಕೆ ಹಾರುವುದಕ್ಕೂ ಅದು ಪರ್ಮಿಶನ್ ಅಲ್ಲ. ಮರುದಿನ ಬೆಳಿಗ್ಗೆ ಕಾಲು ಎಂತ ಹೇಳ್ತದೆ ಕೇಳಿ. ನಿನ್ನೆಗಿಂತ ನೋವು ಜಾಸ್ತಿಯಾದರೆ ಕಡಿಮೆ ಮಾಡಿ."

"ವಾಚು..."

"ವಾಚಿಗೆ ನಿಮ್ಮ ಮಂಡಿಯ ಪರಿಚಯ ಇಲ್ಲ. ಅದು ಕಟ್ಟಿದ್ದು ಮಣಿಕಟ್ಟಿಗೆ."

"ಒಂದು ಮಾತು ನಾನೂ ಹೇಳ್ತೇನೆ" ಮೂಸಚ್ಚ ಚಾಯ ಎತ್ತಿ ಹೊಯ್ಯುತ್ತಾ ಎಂದರು. "ದಿನಾ ಬೆಳಿಗ್ಗೆ ಇವರೆಲ್ಲ ಸಾಲಾಗಿ ಬಂದು ನನ್ನ ಗೋಡೆ ತಳ್ತಾರೆ. ಗೋಡೆ ಬಿದ್ರೆ ಯಾರು ಕೊಡುವುದು?"

"ಸ್ಟ್ರೆಚಿಂಗ್ ಮೂಸಚ್ಚ" ಎಂದರು ರೈಗಳು.

"ಸುಮ್ನೆ ಗೋಡೆ ಬಿಡಿ" ಎಂದರು ಮಾಷ್ಟ್ರು. "ಓಡುವ ಮೊದಲು ನಿಂತಲ್ಲೇ ಸ್ನಾಯು ಎಳೆದ್ರೆ ಗಾಯ ಕಡಿಮೆಯಾಗ್ತದೆ ಅಂತ ತೋರಿಸಲಿಕ್ಕೆ ಯಾರಿಗೂ ಸಾಧ್ಯ ಆಗಲಿಲ್ಲ. ಆಸ್ಟ್ರೇಲಿಯಾದ ಸೈನ್ಯದಲ್ಲಿ ಸಾವಿರಗಟ್ಟಲೆ ಹುಡುಗರ ಮೇಲೆ ನೋಡಿಯಾಯ್ತು. ಐದು ನಿಮಿಷ ಬೀಸಿ ನಡೆಯಿರಿ, ಆಮೇಲೆ ನಿಧಾನಕ್ಕೆ ಓಡಿ."

ಪಂಡಿತರು ಅಷ್ಟರಲ್ಲಿ ಚೀಲದಿಂದ ಮುರಿವೆಣ್ಣೆಯ ಬಾಟಲಿ ತೆಗೆದಿದ್ದರು. ಎಂಥ ಉಳುಕಿಗೂ ಅವರದು ಒಂದೇ ಮದ್ದು, ಹಾಕಿ ತಿಕ್ಕುವುದು. ಮಂಡಿಗೆ ಎಣ್ಣೆ ಹಚ್ಚಲಿಕ್ಕೆ ಮಾಷ್ಟ್ರದ್ದೇನೂ ತಕರಾರಿಲ್ಲ, ಮೀನಿನ ವಾಸನೆಯಾದರೂ ಹೋದೀತು. ಆದರೆ ಪಾದ ಮಡಚಿ ಬಿದ್ದವರನ್ನು ಹಿಡಿದು ಅದೇ ದಿನ ತಿಕ್ಕುವುದು ಮಾತ್ರ ಬೇಡ ಎಂದರು. ನಾಲ್ಕು ಹೆಜ್ಜೆ ಇಡಲಿಕ್ಕಾಗುತ್ತದಾ ನೋಡಬೇಕು. ಹರಡಿನ ಗಂಟಿನ ಎಲುಬನ್ನೇ ಒತ್ತಿದಾಗ ಜೀವ ಹೋಗುತ್ತದಾ ನೋಡಬೇಕು. ಹೆಜ್ಜೆ ಆಗದಿದ್ದರೆ, ಎಲುಬು ನೋಯುತ್ತಿದ್ದರೆ, ಮೊದಲು ಎಕ್ಸ್-ರೇ, ಆಮೇಲೆ ಪಂಡಿತರು. ಕೆನಡದ ಒಟ್ಟಾವದ ಡಾಕ್ಟರುಗಳು 1992ರಲ್ಲೇ ಮಾಡಿದ ನಿಯಮವಂತೆ ಇದು.

"ಕೆನಡದವರಿಗೆ ಮುರಿವೆಣ್ಣೆ ಗೊತ್ತುಂಟಾ?" ಎಂದರು ಪಂಡಿತರು.

"ನನ್ನ ಮಂಡಿಗೆ ಏನು ಮಾಡುವುದು, ಅದು ಹೇಳಿ" ಎಂದರು ರೈಗಳು.

"ಸ್ವೀಡನ್ನಿನಲ್ಲಿ ಆಲ್ಫ್ರೆಡ್‌ಸನ್ ಅಂತ ಒಬ್ಬರು ಎಲುಬಿನ ಡಾಕ್ಟ್ರು. ಅವರೂ ನಿಮ್ಮ ಹಾಗೆ ಓಡುವವರು. ಹಿಮ್ಮಡಿಯ ಮೇಲೆ ವಿಪರೀತ ನೋವು. ಆಪರೇಷನ್ ಮಾಡಿ ಅಂತ ಮೇಲಿನ ಡಾಕ್ಟ್ರನ್ನು ಕೇಳಿದ್ರು. ಅವರು ಒಪ್ಪಲಿಲ್ಲ. ಅಲ್ಲಿನ ಸ್ನಾಯುವಿನ ತುದಿ ಪೂರ್ತಿ ಹರಿದರೆ ಹೇಗೂ ಮಾಡಲೇಬೇಕಲ್ಲ ಅಂತ ಇವರಿಗೆ ಸಿಟ್ಟು. ಹರಿಯಲಿ ಅಂತಲೇ ನೋವಿರುವ ಕಾಲಿನ ಹಿಮ್ಮಡಿ ಇಳಿಸಿ ಇಳಿಸಿ ಕಾಲನ್ನು ದಂಡಿಸಿದ್ರಂತೆ."

"ಹರೀತಾ?"

"ಎಲ್ಲಿ ಹರೀತದೆ? ನೋವೇ ಹೋಯ್ತು! 1998ರಲ್ಲಿ ಅದನ್ನೇ ಚಿಕಿತ್ಸೆ ಅಂತ ಪ್ರಕಟಿಸಿದ್ರು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಇಳಿಸುವುದು, ದಿನಕ್ಕೆರಡು ಸಲ, 12 ವಾರ. ಮಂಡಿಗೂ ಅದೇ ಜಾತಿಯ ಮದ್ದು. ತೊಡೆ, ಸೊಂಟ ಗಟ್ಟಿ ಮಾಡಬೇಕು. ಕೈ ಊರದೆ ಕುರ್ಚಿಯಿಂದ ಏಳಿ, ಕೂತುಕೊಳ್ಳಿ. ತಡೆಯುವಷ್ಟು ಭಾರ ಎತ್ತಿ."

"ಎಂಥ ಭಾರ?"

"ಗೊಬ್ಬರದ ಚೀಲ."

ರೈಗಳು ಪರೋಟ ಹರಿಯುವುದರಲ್ಲಿ ಮಗ್ನರಾದರು. ಸ್ವಲ್ಪ ಹೊತ್ತು ಬಿಟ್ಟು ಬೂಟಿನ ಮಾತು ತೆಗೆದರು. ಈ ಸಲ ಒಳಗೆ ಕಾರ್ಬನ್ ಫೈಬರ್ ಹಲಗೆ ಇರುವ ಬೂಟು ತರಿಸಬೇಕಂತೆ. ಮೂಲೆಯಲ್ಲಿ ಕೂತಿದ್ದ ಐತಪ್ಪ ಆಗ ಮೊದಲ ಸಲ ಬಾಯಿ ಬಿಟ್ಟ.

"ಕಾರ್ಬನ್ ಅಂದ್ರೆ ಆ ದೋಟಿಯದ್ದಾ ರೈಗಳೇ?"

ಅದೇ. ನೆಲದಲ್ಲಿ ನಿಂತೇ ಅಡಿಕೆ ಕೊನೆ ಇಳಿಸುವ ಉದ್ದದ ದೋಟಿ. ಅದು ಬಂದ ಮೇಲೆ ಐತಪ್ಪನನ್ನು ಮರ ಹತ್ತಲು ಕರೆಯುವವರು ಕಡಿಮೆ.

"ಬೂಟು ಯಾವುದಾದರೂ ಆದೀತು, ಕಾಲಿಗೆ ಹಿತವಾಗಿರಲಿ" ಎಂದರು ಮಾಷ್ಟ್ರು. "ಈ ಐತಪ್ಪ ಉಪಜಿಲ್ಲಾ ಕ್ರೀಡಾಕೂಟದಲ್ಲಿ 800 ಮೀಟರು ಬರಿಗಾಲಲ್ಲಿ ಓಡಿ ಫಸ್ಟ್ ಬಂದವ. ಗೊತ್ತುಂಟಾ? ಆಮೇಲೆ ಯಾಕೆ ಬಿಟ್ಟೆ ಮಾರಾಯ?"

"ಜಿಲ್ಲೆಗೆ ಹೋಗಲಿಕ್ಕಿತ್ತು. ಕಾಲು ನೋವು ಬಂತು."

"ಎಲ್ಲಿ?"

ಐತಪ್ಪ ಮುಂಡು ಸರಿಸಿ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಬೆರಳು ಇಟ್ಟು ತೋರಿಸಿದ. ಕೈ ಹಾಕಿದರೆ ಅಲ್ಲಿ ಈಗಲೂ ಸಣ್ಣ ಗಂಟು ಸಿಗುತ್ತದೆ. ಮರ ಹತ್ತುವ ತಳೆ ಹಾಕಿ ಹಾಕಿ ಪಾದದ ಚರ್ಮ ಕಪ್ಪಾಗಿ ದಪ್ಪವಾಗಿತ್ತು.

"ಅಂಗೈಯಗಲ ನೋವಾದರೆ ಒಂದು ಲೆಕ್ಕ. ಒಂದು ಬೆರಳಲ್ಲಿ ತೋರಿಸುವ ಹಾಗಿದ್ರೆ ಎಲುಬಿನಲ್ಲೇ ಬಿರುಕು ಇರಬಹುದು" ಎಂದರು ಮಾಷ್ಟ್ರು ನಿಧಾನಕ್ಕೆ. "ಸುರುವಿನ ವಾರಗಳಲ್ಲಿ ಎಕ್ಸ್-ರೇಯಲ್ಲೂ ಕಾಣದೆ ಹೋಗ್ತದೆ. ಆರೆಂಟು ವಾರ ಕಾಲಿಗೆ ಭಾರ ಕೊಡದಿದ್ರೆ ಕೂಡಿಕೊಳ್ತಿತ್ತೇನೋ."

"ಓಟ ಬಿಟ್ಟೆ ಮಾಷ್ಟ್ರೇ. ಆ ವರ್ಷವೇ ಅಪ್ಪನ ಒಟ್ಟಿಗೆ ಮರಕ್ಕೆ ಹೋಗಲಿಕ್ಕೆ ಸುರು ಮಾಡಿದ್ದು. ಅದನ್ನು ಬಿಡಲಿಕ್ಕಾಗಲಿಲ್ಲ." ಐತಪ್ಪ ನಕ್ಕ. "ರೈಗಳೇ, ಮರ ಹತ್ತಿದವನಿಗೆ ಎಷ್ಟು ಗಂಟೆ ರೆಸ್ಟ್ ಅಂತ ನಿಮ್ಮ ವಾಚಿನಲ್ಲಿ ಬರ್ತದಾ?"

ಯಾರಿಗೂ ಮಾತು ಹೊಳೆಯಲಿಲ್ಲ. ಕೊನೆಗೆ ರೈಗಳೇ ವಾಚು ಬಿಚ್ಚಿ ಐತಪ್ಪನ ಕೈಗೆ ಕಟ್ಟಿದರು. "ನೋಡುವಾ."

ವಾಚು ಸ್ವಲ್ಪ ಹೊತ್ತು ಮಿಣುಕಿ 54 ಎಂದು ತೋರಿಸಿತು.

"ಎದೆಬಡಿತ 54!" ರೈಗಳಿಗೆ ಅವಮಾನವಾಯಿತು. "ಇಷ್ಟು ಓಡಿಯೂ ನನ್ನದು 78ರಿಂದ ಇಳಿಯುವುದಿಲ್ಲ. ವಾಚು ಕೆಟ್ಟಿದೆ."

"ಇಷ್ಟು ದಿನ ಸರಿಯಿತ್ತಲ್ಲ?" ಎಂದರು ಮಾಷ್ಟ್ರು. "ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಮತ್ತೆ ಗೆದ್ದ, ಆಗ ಬೂಟು ಇತ್ತು. ಅಪೆಂಡಿಕ್ಸ್ ಆಪರೇಷನ್ ಆಗಿ ಆರು ವಾರವೂ ಆಗಿರಲಿಲ್ಲ. ಈ ವಾಚು ಕಟ್ಟಿದ್ದಿದ್ರೆ ಅವನನ್ನು ಹಾಸಿಗೆಯಿಂದ ಏಳಲಿಕ್ಕೇ ಬಿಡ್ತಿರಲಿಲ್ಲ."

ಅಷ್ಟರಲ್ಲಿ ರೈಗಳ ಫೋನು ಬಡಿಯಿತು. ಮನೆಯಿಂದ. ಆ ಕಡೆಯ ಸ್ವರ ಹೋಟೆಲಿಗೆಲ್ಲ ಕೇಳುವಷ್ಟಿತ್ತು. ಮೂಡುಗಡೆ ಮೋಡ ಕಟ್ಟಿದೆ, ಅಂಗಳದಲ್ಲಿ ಹರಗಿದ ಅಡಿಕೆ ಹಾಗೇ ಉಂಟು, ಟಾರ್ಪಾಲಿನ ಇನ್ನೊಂದು ತುದಿ ಹಿಡಿಯಲಿಕ್ಕೆ ಜನ ಇಲ್ಲ.

"ಅಲ್ಲ ಮಾರಾಯ್ತಿ, ನನಗೆ ಇನ್ನೂ..." ಎನ್ನುತ್ತಾ ರೈಗಳು ಅಭ್ಯಾಸಬಲದಿಂದ ಮಣಿಕಟ್ಟು ತಿರುಗಿಸಿದರು. ಅಲ್ಲಿ ಪಟ್ಟಿಯ ಬಿಳಿ ಗುರುತು ಮಾತ್ರ ಇತ್ತು.

"ಐತಪ್ಪ, ನೀನಾದರೂ ಬರ್ತೀಯಾ?"

ಐತಪ್ಪ ಗಂಭೀರವಾಗಿ ವಾಚು ನೋಡಿದ. "ಆಗಲಿಕ್ಕಿಲ್ಲ ರೈಗಳೇ. ರೆಸ್ಟ್ ಅಂತ ಬರ್ತಾ ಉಂಟು. ಮೂಸಚ್ಚ, ಒಂದು ಕಟ್ಟನ್ ಚಾಯ."

ರೈಗಳು ಪರೋಟ ಅರ್ಧಕ್ಕೇ ಬಿಟ್ಟು ಓಡಿದರು. ಗೋಡೆ ತಳ್ಳಲಿಲ್ಲ, ಟೇಪು ಸುತ್ತಲಿಲ್ಲ, ಕುಂಟಲೂ ಇಲ್ಲ.

"ಸುರುವಿಗೆ ಐದು ನಿಮಿಷ ನಡೀಬೇಕು!" ಎಂದು ಮಾಷ್ಟ್ರು ಹಿಂದಿನಿಂದ ಕೂಗಿದರು.

"ಚಾಯದ ದುಡ್ಡು?" ಎಂದರು ಮೂಸಚ್ಚ.

"ವಾಚಿನ ಹತ್ರ ಕೇಳಿ."