ಪದಚರ್ಚೆ: ‘ಇನ್‌ಕ್ಲೂಷನ್’ಗೆ ಕನ್ನಡದಲ್ಲಿ ಏನನ್ನೋಣ? (ಒಂದು ಬೋರ್ಡಿನ ಫಜೀತಿ)

ಎಲ್ಲರಿಗೂ ನಮಸ್ಕಾರ.

ನಾನು ಮಂಗಳೂರಿನ ಹೊರಗೆ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು. ಭಾಷೆ ಓದಿದವಳಲ್ಲ. ತಪ್ಪಿದ್ದರೆ ತಿದ್ದಿ.

ನಮ್ಮಲ್ಲಿ ಹೋದ ವರ್ಷ ಒಂದು ಸಮಿತಿ ಆಯಿತು. ಇಂಗ್ಲಿಷಿನಲ್ಲಿ ಹೆಸರು ‘ಡೈವರ್ಸಿಟಿ ಆ್ಯಂಡ್ ಇನ್‌ಕ್ಲೂಷನ್ ಸೆಲ್’. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ವರದಿಯ ಏಳನೆಯ ಭಾಗದಲ್ಲಿ ಇದರ ಬಗ್ಗೆ ಒಂದು ಪ್ರಶ್ನೆ ಇರುತ್ತದೆ. ಬೇರೆ ಬೇರೆ ಭಾಷೆ, ಊರು, ಧರ್ಮ, ಹಣಕಾಸಿನ ಹಿನ್ನೆಲೆಯ ಮಕ್ಕಳಿಗಾಗಿ ನೀವು ಏನು ಮಾಡಿದ್ದೀರಿ ಅಂತ. ಸರಿ, ಬೋರ್ಡ್ ಕನ್ನಡದಲ್ಲೂ ಇರಲಿ ಅಂದರು. ‘ನೀವು ಕನ್ನಡ ಬರೀತೀರಲ್ವಾ ಮೇಡಂ’ ಅಂತ ಕೆಲಸ ನನ್ನ ತಲೆಗೆ ಬಂತು. ಲ್ಯಾಬ್‌ಗೆ ಓಡುವ ಅವಸರದಲ್ಲಿ ಒಂದು ಚೀಟಿಯಲ್ಲಿ ‘ವೈವಿಧ್ಯತೆ ಮತ್ತು ಸೇರ್ಪಡೆ ಕೋಶ’ ಅಂತ ಗೀಚಿಕೊಟ್ಟೆ.

ಬೋರ್ಡ್ ಏರಿದ ಮೂರನೆಯ ದಿನ ಕೊಪ್ಪಳದ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ನೇರ ಆ ಕೋಣೆಗೇ ಬಂದರು. ಚೀಲದಿಂದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲ ತೆಗೆದು ಮೇಜಿನ ಮೇಲೆ ಹರಡಿದರು. ‘ಸೇರ್ಪಡೆ ಇಲ್ಲೇ ಅಂತ ಬರದೈತಲ್ರಿ. ಡಿ ಫಾರ್ಮಾಕ ಫೀಸ್ ಎಷ್ಟ್ರೀ?’ ಅಂದರು. ಅವರದ್ದೇನೂ ತಪ್ಪಿಲ್ಲ. ಶಾಲೆಗೆ ಸೇರುವುದು, ಕೆಲಸಕ್ಕೆ ಸೇರುವುದು, ಪಕ್ಷಕ್ಕೆ ಸೇರ್ಪಡೆ, ಮತದಾರರ ಪಟ್ಟಿಗೆ ಸೇರ್ಪಡೆ. ನಮ್ಮ ಬಾಯಲ್ಲಿ ಆ ಮಾತಿಗೆ ಇರುವುದು ಇಷ್ಟೇ ಅರ್ಥ. ಒಳಗೆ ಬಂದ ಮೇಲೆ ಏನಾಗುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ.

ಅವತ್ತಿನಿಂದ ಸರಿಯಾದ ಮಾತು ಹುಡುಕುತ್ತಿದ್ದೇನೆ.

ಮೊದಲು ‘ವೈವಿಧ್ಯತೆ’. ಇದು ಸುಲಭ ಅಂದುಕೊಂಡಿದ್ದೆ. ‘ವಿವಿಧ’ದಿಂದ ‘ವೈವಿಧ್ಯ’ ಆಯಿತು, ಅಲ್ಲಿಗೆ ಮುಗಿಯಿತು. ಅದಕ್ಕೆ ಮತ್ತೆ ‘ತೆ’ ಯಾಕೆ? ‘ಐಕ್ಯತೆ’ಯದ್ದೂ ಇದೇ ಕಥೆ. ಆದರೆ ಪತ್ರಿಕೆಗಳು, ಪಠ್ಯಪುಸ್ತಕಗಳು ಎಲ್ಲ ‘ವೈವಿಧ್ಯತೆ’ಯನ್ನು ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ನಾನು ‘ತೆ’ ಬಿಡುವ ಪಕ್ಷ. ಬಿಟ್ಟರೆ ಇಲ್ಲಿ ಇನ್ನೊಂದು ತೊಡಕು. ನಮ್ಮ ಕರಾವಳಿಯಲ್ಲಿ ‘ವೈವಿಧ್ಯ’ ಅಂದರೆ ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ನೆನಪಾಗುತ್ತದೆ. ಸಂಜೆ ಗಂಟೆ 6ರಿಂದ ನೃತ್ಯ ವೈವಿಧ್ಯ, ಸಾಂಸ್ಕೃತಿಕ ವೈವಿಧ್ಯ. ನನ್ನ ಸಹೋದ್ಯೋಗಿಯೊಬ್ಬರು ಬೋರ್ಡ್ ನೋಡಿ ‘ಡ್ಯಾನ್ಸ್ ಎಷ್ಟು ಗಂಟೆಗೆ?’ ಅಂತ ಕೇಳಿಯೇ ಬಿಟ್ಟರು. ತಮಾಷೆಗೇ ಕೇಳಿದ್ದು. ಆದರೂ ಯೋಚನೆ ಮಾಡುವ ಮಾತು ಅನ್ನಿಸಿತು. ಎಷ್ಟೋ ಕಾಲೇಜುಗಳಲ್ಲಿ ಈ ಸಮಿತಿಗಳ ಕೆಲಸ ವರ್ಷಕ್ಕೊಮ್ಮೆ ಎಲ್ಲರೂ ಅವರವರ ಊರಿನ ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುವುದರಲ್ಲೇ ಮುಗಿಯುತ್ತದೆ.

‘ಕೋಶ’ದ ವಿಷಯ ಬಿಡಿ. ಅದು ಸೆಲ್‌ನ ಕುರುಡು ಅನುವಾದ. ಜೀವಕೋಶ, ಪದಕೋಶ, ಈಗ ಇದೊಂದು.

ಮುಂದಿನದ್ದು ‘ಸಮಾವೇಶ’. ಹಿಂದಿ ಬಲ್ಲ ಇನ್ನೊಬ್ಬರು ‘ಸಮಾವೇಶಿ’ ಅಂತ ಹಾಕಿ, ಕೇಂದ್ರ ಸರ್ಕಾರದ ಕಾಗದಗಳಲ್ಲಿ ಅದೇ ಇದೆ ಅಂದರು. ಹಿಂದಿಯಲ್ಲಿ ಸರಿ ಇರಬಹುದು. ಕನ್ನಡದಲ್ಲಿ ಸಮಾವೇಶ ಅಂದರೆ ಮೈದಾನ, ಪೆಂಡಾಲು, ಧ್ವನಿವರ್ಧಕ, ಬಸ್ಸಿನಲ್ಲಿ ಬಂದ ಜನ. ‘ಫಾರ್ಮಸಿ ಶಿಕ್ಷಣದಲ್ಲಿ ಸಮಾವೇಶ’ ಅಂತ ಬರೆದರೆ ಊಟ ಉಂಟಾ ಅಂತ ಕೇಳಿಯಾರು.

‘ಸಮನ್ವಯ’ಕ್ಕೆ ಸ್ವಲ್ಪ ಆಧಾರ ಇದೆ. ನಮ್ಮ ರಾಜ್ಯದ ಶಾಲಾ ಶಿಕ್ಷಣದಲ್ಲಿ ‘ಸಮನ್ವಯ ಶಿಕ್ಷಣ’ ಅನ್ನುವ ಮಾತು ಮೊದಲಿನಿಂದ ಬಳಕೆಯಲ್ಲಿದೆ. ಅಂಗವೈಕಲ್ಯ ಇರುವ ಮಕ್ಕಳನ್ನು ಉಳಿದ ಮಕ್ಕಳ ಜೊತೆಗೇ ಕಲಿಸುವುದು ಅಂತ ಅದರ ಅರ್ಥ. ಆದರೆ ಶಾಲೆಯ ಹೊರಗೆ ಸಮನ್ವಯ ಅಂದರೆ ಹೊಂದಾಣಿಕೆ, ಇಲಾಖೆ-ಇಲಾಖೆಗಳ ನಡುವಿನ ಸಮನ್ವಯ. ನಮ್ಮಲ್ಲಿ ಎನ್‌ಎಸ್‌ಎಸ್‌ಗೊಬ್ಬರು, ಪ್ಲೇಸ್‌ಮೆಂಟ್‌ಗೊಬ್ಬರು ಸಮನ್ವಯಾಧಿಕಾರಿ ಆಗಲೇ ಇದ್ದಾರೆ.

ಈ ಅಂಗವೈಕಲ್ಯದ ಮಾತಿನ ಬಗ್ಗೆಯೂ ಒಂದು ಉಪಪ್ರಶ್ನೆ. ‘ಅಂಗವಿಕಲ’ ಅನ್ನಬಾರದು ಅಂತ ‘ವಿಕಲಚೇತನ’ ಬಂತು. ಸರ್ಕಾರದ ಇಲಾಖೆಯ ಹೆಸರಿನಲ್ಲೇ ಇದೆ. ಆದರೆ ಬಿಡಿಸಿ ನೋಡಿ. ಮೊದಲು ಅಂಗ ಮಾತ್ರ ಊನವಾಗಿತ್ತು, ಈಗ ಚೇತನವೇ ಊನ! ಗೌರವ ಕೊಡಲು ಹೋಗಿ ಇನ್ನಷ್ಟು ಕಸಿದುಕೊಂಡ ಹಾಗಾಯಿತು. ‘ವಿಶೇಷಚೇತನ’, ‘ದಿವ್ಯಾಂಗ’ ಇವು ಇನ್ನೊಂದು ತುದಿ. ಕಾಲು ಸರಿ ಇಲ್ಲದವರಿಗೆ ದಿವ್ಯತ್ವ ಬೇಕಿಲ್ಲ, ರ್‍ಯಾಂಪ್ ಬೇಕು. ಅಂಗವೈಕಲ್ಯ ಇರುವವರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, 1995ರ ಕಾಯ್ದೆಯಲ್ಲಿ ಇದ್ದದ್ದು 7. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆ ಇಲ್ಲದಷ್ಟು ಸೀಟು ಮೀಸಲಿಡಬೇಕು ಅಂತಲೂ ಇದೆ. ಇಷ್ಟೆಲ್ಲ ಕೊಡುವ ಕಾಯ್ದೆಯ ಜನರಿಗೆ ಕನ್ನಡದಲ್ಲಿ ಒಂದು ನೆಟ್ಟಗಿನ ಹೆಸರು ಇಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥವರಿದ್ದರೆ, ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಅಂತ ಕೇಳಿ ಬರೆಯಿರಿ. ನನಗೆ ಅದೇ ಮುಖ್ಯ.

ಈಗ ನನ್ನ ತಲೆ ಕೆಡಿಸಿದ ಹುಡುಗನ ವಿಷಯ. ಬಿ ಫಾರ್ಮಾ ಮೊದಲ ಸೆಮಿಸ್ಟರಿನಲ್ಲೇ ಟೈಟ್ರೇಶನ್ ಬರುತ್ತದೆ, ಅಂದರೆ ದ್ರಾವಣದಲ್ಲಿ ಆಮ್ಲವೋ ಕ್ಷಾರವೋ ಎಷ್ಟಿದೆ ಅಂತ ಅಳೆಯುವ ಪ್ರಯೋಗ. ಬ್ಯೂರೆಟ್ ಅನ್ನುವ ಅಳತೆಯ ಕೊಳವೆಯಿಂದ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು, ಫ್ಲಾಸ್ಕಿನಲ್ಲಿ ಬಣ್ಣ ಬದಲಾದ ಕೂಡಲೇ ನಿಲ್ಲಿಸಬೇಕು. ಬಣ್ಣ ತೋರಿಸಲು ಹಾಕುವ ಸೂಚಕ ಫಿನಾಫ್ತಲೀನ್ ಆದರೆ ನಸುಗುಲಾಬಿ. ಮೀಥೈಲ್ ಆರೆಂಜ್ ಆದರೆ ಹಳದಿಯಿಂದ ಕೆಂಪಿನ ಕಡೆ. ಈ ಹುಡುಗ ಯಾವಾಗಲೂ ಪಕ್ಕದವನ ಹತ್ತಿರ ‘ಬಂತಾ? ಬಂತಾ?’ ಅಂತ ಪಿಸುಗುಟ್ಟುತ್ತಿದ್ದ. ನಾನು ಕಾಪಿ ಹೊಡೆಯುತ್ತಿದ್ದಾನೆ ಅಂದುಕೊಂಡು ಎರಡು ಸಲ ಬೈದೆ. ಮೂರನೆಯ ಸೆಮಿಸ್ಟರಿಗೆ ಬಂದಾಗ ಗೊತ್ತಾಯಿತು, ಅವನಿಗೆ ಕೆಂಪು-ಹಸಿರು ಗೊತ್ತಾಗುವುದಿಲ್ಲ. ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸೀಟು ಹೋಗುತ್ತದೆ ಅಂತ ಹೆದರಿಕೆ. ಮೇಲೆ ಹೇಳಿದ 21ರಲ್ಲಿ ಇದು ಇಲ್ಲ, ಹಾಗಾಗಿ ಯಾವ ಪ್ರಮಾಣಪತ್ರವೂ ಇಲ್ಲ. ಕನ್ನಡದಲ್ಲಿ ಇದಕ್ಕೆ ‘ಬಣ್ಣಗುರುಡು’ ಅನ್ನುತ್ತೇವೆ. ಎಲ್ಲ ಬಣ್ಣವನ್ನೂ ನೋಡುವ, ಎರಡರಲ್ಲಿ ಮಾತ್ರ ಗೊಂದಲವಾಗುವ ಹುಡುಗನಿಗೆ ಎಂಥಾ ಹೆಸರು ನೋಡಿ.

ಆಮೇಲೆ ಅವನಿಗೆ ಆಮ್ಲ-ಕ್ಷಾರದ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ಪಿಎಚ್ ಮೀಟರ್ ಕೊಟ್ಟೆವು. ಬಣ್ಣ ನೋಡುವ ಬದಲು ಅಂಕಿ ನೋಡಿ ನಿಲ್ಲಿಸುತ್ತಾನೆ. ಮೀಟರ್ ಅದೇ ಲ್ಯಾಬಿನ ಕಪಾಟಿನಲ್ಲಿ ಮೊದಲಿನಿಂದಲೂ ಇತ್ತು.

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಆ ಒಂದು ವರ್ಷ ಅವನು ಕಾಲೇಜಿಗೆ ‘ಸೇರಿದ್ದ’, ‘ಹೊಂದಿಕೊಂಡಿದ್ದ’, ‘ಒಗ್ಗಿಕೊಂಡಿದ್ದ’. ಎಲ್ಲ ಕ್ರಿಯಾಪದಗಳಿಗೂ ಕರ್ತೃ ಅವನೇ. ಪಾಡು ಪಟ್ಟವನೂ ಅವನೇ. ಸರಿ, ‘ಸೇರಿಸಿಕೊಳ್ಳು’ ಅನ್ನೋಣ ಅಂದರೆ ಕರ್ತೃ ನಾವಾಗುತ್ತೇವೆ, ಆದರೆ ಅದರಲ್ಲೊಂದು ಉಪಕಾರದ ವಾಸನೆ. ಮೊದಲೇ ಒಳಗೆ ಕೂತವರು ಬಾಗಿಲು ತೆಗೆದು ‘ಬಾ, ಪರವಾಗಿಲ್ಲ’ ಅಂದ ಹಾಗೆ. ‘ಅವನನ್ನು ಆಟಕ್ಕೆ ಸೇರಿಸಿಕೊಳ್ಳಿ ಮಕ್ಕಳೇ, ಅಳುತ್ತಿದ್ದಾನೆ’ ಅಂತ ಅಮ್ಮಂದಿರು ಹೇಳುವುದಿಲ್ವಾ? ಹಾಗೆ. ‘ಒಳಗೊಳ್ಳುವಿಕೆ’ ಪುಸ್ತಕಗಳಲ್ಲಿ ನಡೆಯುತ್ತದೆ. ಅರ್ಥವೂ ಹತ್ತಿರ ಇದೆ. ಆದರೆ ಇಷ್ಟು ವರ್ಷದಲ್ಲಿ ಅದನ್ನು ಯಾರ ಬಾಯಿಂದಲೂ ಕೇಳಿಲ್ಲ, ಭಾಷಣ ಮಾಡುವವರನ್ನು ಬಿಟ್ಟು.

ಔಷಧದ ಕೆಲಸದಲ್ಲಿ ನಮಗೆ ಈ ‘ಒಗ್ಗು’ ದಿನಾ ಬೇಕಾಗುವ ಮಾತು. ‘ಆ ಮಾತ್ರೆ ನನಗೆ ಒಗ್ಗಲಿಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಯಾರೂ ರೋಗಿಗೆ ‘ನೀನೇ ಒಗ್ಗಿಕೋ’ ಅನ್ನುವುದಿಲ್ಲ. ಮಾತ್ರೆಯನ್ನು ಬದಲಾಯಿಸುತ್ತಾರೆ. ಮಲೇರಿಯಾಕ್ಕೆ ಹೆಸರಾದ ಊರು ನಮ್ಮದು. ವೈವಾಕ್ಸ್ ಮಲೇರಿಯಾಕ್ಕೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವವರಿಗೆ ಅದೇ ಮಾತ್ರೆಯಿಂದ ಕೆಂಪು ರಕ್ತಕಣ ಒಡೆದುಹೋಗಬಹುದು. ಹಾಗಾಗಿ ಕೊಡುವ ಮೊದಲು ವಿಚಾರಿಸಬೇಕು. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿದವರಿಗೆ ‘1-1-1’ ಅಂತ ಬರೆದ ಚೀಟಿಯಲ್ಲಿ ನಡುವಿನ ಒಂದನ್ನು ಏನು ಮಾಡುವುದು? ವೈದ್ಯರಿಗೆ ಫೋನ್ ಮಾಡಿ, ದಿನಕ್ಕೆ ಒಂದೋ ಎರಡೋ ಸಲ ಸಾಕಾಗುವ ಔಷಧ ಇದೆಯೇ ಕೇಳಬೇಕು. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಾಟಿನ್, ಅಂದರೆ ಪ್ರಾಣಿಯ ಮೂಳೆ-ಚರ್ಮದಿಂದ ಬಂದದ್ದು. ಅದನ್ನು ಒಲ್ಲದವರು ಇದ್ದಾರೆ. ಇದನ್ನೆಲ್ಲ ನಾವು ರೋಗಿಯ ವಿಷಯದಲ್ಲಿ ಪಾಠ ಮಾಡುತ್ತೇವೆ. ಅದೇ ತರಗತಿಯಲ್ಲಿ ಕೂತ ವಿದ್ಯಾರ್ಥಿಯ ವಿಷಯಕ್ಕೆ ಬಂದಾಗ ಮಾತ್ರ ‘ಹೊಂದಿಕೊಂಡು ಹೋಗಪ್ಪಾ’.

ನಮ್ಮ ಮಕ್ಕಳು ಎಲ್ಲೆಲ್ಲಿಂದ ಬರುತ್ತಾರೆ ಅಂದರೆ, ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5, ಮೇಲೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ 371ಜೆ ವಿಧಿಯ ಮೀಸಲಾತಿ. ಹಾಗಾಗಿ ರಾಯಚೂರು, ಯಾದಗಿರಿಯ ಮಕ್ಕಳು ನೇತ್ರಾವತಿಯ ಈಚೆ ಬಂದು ಬೀಳುತ್ತಾರೆ. ಪಕ್ಕದಲ್ಲಿ ಕಾಸರಗೋಡು, ಕಣ್ಣೂರಿನವರು. ಕನ್ನಡದವರಿಗೇ ಇಲ್ಲಿ ಕನ್ನಡ ಕಷ್ಟ. ನಾವು ಕರಾವಳಿಯವರು ಔಷಧಕ್ಕೆ ‘ಮದ್ದು’ ಅನ್ನುತ್ತೇವೆ, ತುಳುವಿನಲ್ಲಿ ‘ಮರ್ದ್’. ಘಟ್ಟದ ಮೇಲೆ ‘ಮದ್ದು ಹಾಕಿದ್ದಾರೆ’ ಅಂದರೆ ಯಾರೋ ಕೈಮದ್ದು ತಿನ್ನಿಸಿ ಕೆಡಿಸಿದ್ದಾರೆ ಅಂತ. ಜ್ವರ ಬಂದು ಮಲಗಿದ್ದ ರಾಯಚೂರಿನ ಹುಡುಗನಿಗೆ ಹಾಸ್ಟೆಲಿನ ಅಡುಗೆಯವರು ‘ಮದ್ದು ತಿಂದೆಯಾ?’ ಅಂತ ಪ್ರೀತಿಯಿಂದ ಕೇಳಿದಾಗ ಅವನು ಎದ್ದು ಕೂತನಂತೆ.

ಅವನದ್ದೇ ಇನ್ನೊಂದು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ತರಬೇತಿ. ಕಿವಿ ಸ್ವಲ್ಪ ಮಂದವಾದ ತುಳು ಅಜ್ಜಿ. ಇವನು ತನ್ನ ಊರಿನ ಮಾತಿನಲ್ಲಿ ‘ಅಮ್ಮಾರ, ಗುಳಿಗಿ ತಪ್ಪಸಬ್ಯಾಡ್ರಿ, ಹದಿನಾಕು ದಿನ’ ಅಂದ. ಅಜ್ಜಿ ಕೈ ಮುಗಿದರು. ‘ಗುಳಿಗನಿಗೆ ತಪ್ಪಿಸಲಿಕ್ಕುಂಟಾ ಮಗಾ! ವರ್ಷ ವರ್ಷ ತಂಬಿಲ ಕೊಡ್ತೇವೆ. ಹದಿನಾಲ್ಕು ದಿನದ್ದು ಎಂತ?’ ಅವನ ‘ಗುಳಿಗಿ’ ಅಂದರೆ ಮಾತ್ರೆ. ಅಜ್ಜಿಗೆ ಕೇಳಿಸಿದ್ದು ನಮ್ಮ ತುಳುನಾಡಿನ ದೈವ ಗುಳಿಗ, ತಂಬಿಲ ಅಂದರೆ ದೈವಕ್ಕೆ ಕೊಡುವ ಸೇವೆ. ಪಕ್ಕದಲ್ಲಿದ್ದ ನಾನು ನಗು ತಡೆದುಕೊಂಡು ಮಾತ್ರೆಯ ಪಟ್ಟಿ ತೋರಿಸಿದೆ. ಆಮೇಲೆ ಆ ಹುಡುಗ ತಾನಾಗಿಯೇ ಒಂದು ಹಾಳೆ ಮಾಡಿದ. ಸೂರ್ಯ, ಚಂದ್ರ, ತಟ್ಟೆಯ ಚಿತ್ರ. ‘ಊಟದ ನಂತರ’ ಅನ್ನುವ ಮಾತನ್ನೇ ತೆಗೆದುಬಿಟ್ಟ. ಇಲ್ಲಿ ಊಟ ಅಂದರೆ ಅನ್ನ, ಬೆಳಿಗ್ಗೆಯದ್ದು ಚಾ-ತಿಂಡಿ, ಹಾಗಾಗಿ ಕೆಲವರು ಬೆಳಗಿನ ಮಾತ್ರೆಯನ್ನು ಮಧ್ಯಾಹ್ನಕ್ಕೆ ಇಡುತ್ತಾರೆ ಅಂತ ಅವನೇ ಕಂಡುಹಿಡಿದ. ಇಲ್ಲಿಯವರಾದ ನಮಗೆ ಅದು ಕಂಡಿರಲಿಲ್ಲ. ಅವನು ಹೊರಗಿನವನಾದ್ದರಿಂದಲೇ ಕಂಡಿತು. ಈಗ ಹೇಳಿ, ಇಲ್ಲಿ ಯಾರು ಯಾರನ್ನು ಸೇರಿಸಿಕೊಂಡರು?

ಕೊನೆಗೆ ನಾನು ಹೆಸರನ್ನೇ ಬಿಟ್ಟು ಒಂದು ವಾಕ್ಯ ಬರೆದೆ: ‘ಇಲ್ಲಿ ನಾವೆಲ್ಲ ಒಟ್ಟಿಗೆ ಕಲಿಯುತ್ತೇವೆ’. ‘ಒಟ್ಟಿಗೆ’ ನಮ್ಮ ಊರಿನ ಮಾತು. ಯಾರೋ ಒಬ್ಬರು ಇನ್ನೊಬ್ಬರನ್ನು ಒಳಗೆ ಕರೆದ ಹಾಗೂ ಇಲ್ಲ. ಪ್ರಾಂಶುಪಾಲರಿಗೆ ತೂಕ ಸಾಲದು ಅನ್ನಿಸಿತು. ಇರಲಿ. ಆದರೆ ನಮ್ಮ ಲ್ಯಾಬ್ ಅಟೆಂಡರ್ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವರ ಮನೆಮಾತು ತುಳು. ಚೀಟಿ ಓದಿ, ‘ಮೇಡಂ, ಈ ನಾವು ಅಂದ್ರೆ “ನಮ”ನಾ, “ಎಂಕುಲಾ”?’ ಅಂದರು.

ತುಳು ಬಾರದವರಿಗಾಗಿ: ‘ನಮ’ ಅಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಎಂಕುಲು’ ಅಂದರೆ ನಿಮ್ಮನ್ನು ಬಿಟ್ಟು ನಾವು. ತಮಿಳು, ತೆಲುಗು, ಮಲಯಾಳದಲ್ಲೂ ಹೀಗೆ ಎರಡಿವೆ. ನಮ್ಮ ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ‘ನಾವು ಒಟ್ಟಿಗೆ ಕಲಿಯುತ್ತೇವೆ’ ಅಂತ ಬೋರ್ಡ್ ಹೇಳಿದರೆ, ಅದರ ಎದುರು ನಿಂತು ಓದುವ ಹೊಸ ಹುಡುಗ ಆ ನಾವುವಿನ ಒಳಗಿದ್ದಾನಾ, ಹೊರಗಿದ್ದಾನಾ ಅಂತ ಕನ್ನಡದ ವ್ಯಾಕರಣ ಹೇಳುವುದಿಲ್ಲ.

ಹಾಗಾಗಿ ಬಲ್ಲವರಲ್ಲಿ ಕೇಳುವುದು ಇಷ್ಟು. ‘ನಮ’ ಅನ್ನುವ ಅರ್ಥ ಒಂದೇ ಏಟಿಗೆ ಬರುವ ಹಾಗೆ ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ಕುಂದಗನ್ನಡ, ಹವಿಗನ್ನಡ, ಧಾರವಾಡದ ಕಡೆ ಇದಕ್ಕೆ ಬೇರೆ ಉಪಾಯ ಏನಾದರೂ ಉಂಟಾ? ‘ಸೇರಿಸು’, ‘ಒಳಗೊಳ್ಳು’ ಎರಡನ್ನೂ ಬಿಟ್ಟು, ಜಾಗವೇ ಬದಲಾಗಿ ಎಲ್ಲರಿಗೂ ಹೊಂದುವ ಹಾಗೆ ಆಗುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಸಂಸ್ಕೃತದಿಂದ ಹೊಸದಾಗಿ ಕಟ್ಟಿ ಕಳಿಸಬೇಡಿ ದಯವಿಟ್ಟು, ಅಂಥವು ನನ್ನ ಹತ್ತಿರ ಒಂದು ಡಜನ್ ಇವೆ.

ಸ್ವಲ್ಪ ಬೇಗ ಬರೆದರೆ ಉಪಕಾರ. ಫ್ಲೆಕ್ಸ್ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದಾರೆ. ಸದ್ಯಕ್ಕೆ ‘ಸೇರ್ಪಡೆ’ಯ ಮೇಲೆ ಬಿಳಿ ಹಾಳೆ ಅಂಟಿಸಿದ್ದೇವೆ. ಮಳೆಗೆ ಹಾಳೆ ನೆನೆದು ಅಕ್ಷರ ಕಾಣುತ್ತಿದೆ. ನಿನ್ನೆಯೂ ಒಬ್ಬರು ಬಂದು ಫೀಸು ಎಷ್ಟು ಅಂತ ಕೇಳಿ ಹೋದರು.