ಸ್ವಿಫ್ಟ್ ಮುಂದಿನ ಬ್ರೇಕ್: ಬರೀ ಪ್ಯಾಡ್ ಸಾಕಾ, ಡಿಸ್ಕೂ ಹಾಕಿಸ್ಬೇಕಾ?

ನಾಲೆಬದಿ_ಸ್ವಿಫ್ಟ್ (ಮಂಡ್ಯ)

ಗಾಡಿ 2016ರ ಸ್ವಿಫ್ಟ್ ಪೆಟ್ರೋಲ್, 78,000 ಕಿ.ಮೀ. ಆಗಿದೆ. ವಾರಕ್ಕೆ ಐದು ದಿನ ಮಂಡ್ಯ–ಮೈಸೂರು, ಹೋಗೋದು ಎಕ್ಸ್‌ಪ್ರೆಸ್‌ವೇ, ಬರೋದು ಹಳೇ ರಸ್ತೆ. ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟ.

ಮುಂದಿನ ಬ್ರೇಕ್ ಕಿರ್ರ್ ಅನ್ನೋಕೆ ಶುರುವಾಗಿದೆ. 80ರ ಮೇಲಿದ್ದಾಗ ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ಅದರುತ್ತೆ, 40ರಲ್ಲಿ ಗೊತ್ತೇ ಆಗಲ್ಲ. ಬ್ರೇಕ್ ಮುಟ್ಟದೆ ಹೋದ್ರೆ 100ರಲ್ಲೂ ನೀಟಾಗಿದೆ. ಡಿಸ್ಕ್ ಅಂಚಲ್ಲಿ ಉಗುರಿಗೆ ಸಿಗೋ ಅಷ್ಟು ಏಣು ಬಂದಿದೆ. ಒಂದು ಗ್ಯಾರೇಜ್‌ನಲ್ಲಿ "ಪ್ಯಾಡು ಡಿಸ್ಕು ಎರಡೂ ಹೊಸದು" ಅಂತಾರೆ. ಇನ್ನೊಂದು ಕಡೆ "ಡಿಸ್ಕ್ ಲೇತ್ ಹೊಡೆಸಿ ಪ್ಯಾಡ್ ಹಾಕಿದ್ರೆ ಮುಗೀತು" ಅಂತಾರೆ, ಅಂದ್ರೆ ಹಳೇ ಡಿಸ್ಕಿನ ಮುಖ ಹೆರೆಸಿ ಸಮ ಮಾಡೋದು. ಯಾರ ಮಾತು ಕೇಳೋದು? ಪ್ಯಾಡ್‌ನಲ್ಲಿ ಸೆರಾಮಿಕ್ ತಗೊಳ್ಳೋದು ಒಳ್ಳೇದಾ? ತೂತು ಕೊರೆದಿರೋ ಡಿಸ್ಕ್ ಹಾಕಿದ್ರೆ ಬೆಟ್ಟ ಇಳಿಯುವಾಗ ಅನುಕೂಲ ಆಗುತ್ತಾ?

ಹದಿನೇಳರ_ಪಾನ (ಮೈಸೂರು)

ಇಬ್ಬರ ಮಾತೂ ಸದ್ಯಕ್ಕೆ ಬೇಡ ಸಾರ್. ಚಕ್ರ ಬಿಚ್ಚಿ ಅಳೆಯದೆ ಹೇಳಿದ್ದೆಲ್ಲ ಅಂದಾಜು.

ಡಿಸ್ಕ್‌ನ ನಡುವಿನ ಟೋಪಿ ಭಾಗದಲ್ಲೋ ಅಂಚಲ್ಲೋ "ಮಿನ್ ಟಿಎಚ್" ಅಂತ ಒಂದು ಅಂಕಿ ಕೊರೆದಿರುತ್ತೆ. ಅದು ಆ ಡಿಸ್ಕ್ ಇರಬಹುದಾದ ಕನಿಷ್ಠ ದಪ್ಪ. ತುಕ್ಕು ಮುಚ್ಚಿದ್ರೆ ವೈರ್ ಬ್ರಷ್ ಆಡಿಸಿ, ಕಾಣುತ್ತೆ. ಸಾಮಾನ್ಯವಾಗಿ ಸಣ್ಣ ಕಾರಲ್ಲಿ ಹೊಸ ದಪ್ಪಕ್ಕೂ ಈ ಕನಿಷ್ಠಕ್ಕೂ 2 ಮಿ.ಮೀ. ಆಸುಪಾಸು ಅಂತರ, ಅಂದ್ರೆ ಒಂದೊಂದು ಮುಖಕ್ಕೆ 1 ಮಿ.ಮೀ. ಅಷ್ಟೇ ಸವೆಯೋ ಅವಕಾಶ.

ಅಳೆಯೋಕೆ ಮೈಕ್ರೋಮೀಟರ್ ಬೇಕು. ವರ್ನಿಯರ್ ಸೀದಾ ಹಿಡಿದ್ರೆ ಅದರ ಬಾಯಿ ಅಂಚಿನ ಏಣಿನ ಮೇಲೆ ಕೂತು, ಸವೆದ ಡಿಸ್ಕೂ ದಪ್ಪಗೆ ತೋರಿಸುತ್ತೆ. ವರ್ನಿಯರ್ ಮಾತ್ರ ಇದ್ರೆ ಒಂದೇ ಥರದ ಎರಡು ನಾಣ್ಯ ತಗೊಂಡು, ಮೊದಲು ಎರಡನ್ನೂ ಜೋಡಿಸಿ ಅಳೆದಿಟ್ಟುಕೊಳ್ಳಿ. ಆಮೇಲೆ ಏಣಿಗಿಂತ ಒಳಗೆ ಡಿಸ್ಕ್‌ನ ಎರಡೂ ಮುಖಕ್ಕೆ ಒಂದೊಂದು ನಾಣ್ಯ ಒತ್ತಿ ಹಿಡಿದು ಒಟ್ಟು ಅಳತೆ ನೋಡಿ, ನಾಣ್ಯದ್ದು ಕಳೀರಿ. ದಪ್ಪ ಎಷ್ಟಿದೆ ಅಂತ ತಿಳಿಯೋಕೆ ಇಷ್ಟು ಸಾಕು. ಅದುರೋದಕ್ಕೆ ಕಾರಣ ಹುಡುಕೋಕೆ ಸಾಲದು. ಅದಕ್ಕೆ ಸುತ್ತಲೂ ಎಂಟು ಕಡೆ, ಅಂಚಿಂದ 10 ಮಿ.ಮೀ. ಒಳಗೆ, ಮೈಕ್ರೋಮೀಟರ್‌ನಲ್ಲೇ ಅಳೀಬೇಕು. ಎಂಟರಲ್ಲಿ ಹೆಚ್ಚಿಗೂ ಕಡಿಮೆಗೂ ನಡುವಿನ ವ್ಯತ್ಯಾಸ 0.02 ಮಿ.ಮೀ. ದಾಟಿದ್ರೆ ಸ್ಟೀರಿಂಗ್ ಅದರೋಕೆ ಅದೇ ಸಾಕು. ಕೂದಲೆಳೆಗಿಂತ ಕಡಿಮೆ ಅದು, ಕಣ್ಣಿಗೆ ಕಾಣಲ್ಲ.

"ಡಿಸ್ಕ್ ಬೆಂಡ್ ಆಗಿದೆ" ಅಂತ ಎಲ್ಲರೂ ಹೇಳ್ತಾರಲ್ಲ, ಬಹಳ ಸಲ ಆಗಿರೋದು ಇದೇ ದಪ್ಪದ ವ್ಯತ್ಯಾಸ. ಹಬ್ (ಡಿಸ್ಕೂ ಚಕ್ರವೂ ಕೂರೋ ನಡುಭಾಗ) ಮುಖದ ಮೇಲೆ ತುಕ್ಕಿನ ಹಕ್ಕಳೆ ಇದ್ದು ಅದರ ಮೇಲೇ ಡಿಸ್ಕ್ ಕೂರಿಸಿದ್ರೆ ಅದು ಚೂರು ಓರೆಯಾಗಿ ತಿರುಗುತ್ತೆ. ಬ್ರೇಕ್ ಒತ್ತದಿದ್ರೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗುತ್ತೆ. ಸಾವಿರಾರು ಕಿ.ಮೀ. ಹೀಗೇ ಉಜ್ಜಿ ಆ ಜಾಗ ತೆಳ್ಳಗಾಗುತ್ತೆ, ಆಗ ಅದುರು ಶುರು. ಹಬ್ ತೊಳೆಯದೆ ಹೊಸ ಡಿಸ್ಕ್ ಹಾಕಿದ್ರೂ ಕೆಲವು ತಿಂಗಳಿಗೆ ಇದೇ ಕಥೆ.

ಪ್ಯಾಡ್ ನಾಲ್ಕನ್ನೂ ಬೇರೆ ಬೇರೆ ಅಳೆದು ಬರೆದು ಹಾಕಿ: ಎಡ ಒಳಗಿಂದು, ಎಡ ಹೊರಗಿಂದು, ಬಲಕ್ಕೂ ಹಾಗೇ. ಹಿಂದಿನ ಕಬ್ಬಿಣದ ತಗಡು ಸೇರಿಸದೆ ಬರೀ ಮಸಾಲೆ ಭಾಗ, ಅಂದ್ರೆ ಡಿಸ್ಕಿಗೆ ಉಜ್ಜೋ ಪದರ. 3 ಮಿ.ಮೀ. ಬಂತು ಅಂದ್ರೆ ಬದಲಾಯಿಸೋ ಕಾಲ.

ಮೆಟ್ಟಿಲು1000 (ಮೈಸೂರು)

ಪ್ಯಾಡ್ ವಿಚಾರ. ಡಬ್ಬದ ಮೇಲೆ "ಸೆರಾಮಿಕ್" ಅಂತ ಬರೆದಿರೋದಕ್ಕೆ ಅಷ್ಟೊಂದು ಬೆಲೆ ಕೊಡಬೇಡಿ. ಎಷ್ಟು ಪಾಲು ಇದ್ರೆ ಸೆರಾಮಿಕ್ ಅಂತ ಯಾರೂ ಗೆರೆ ಎಳೆದಿಲ್ಲ. ಒಳ್ಳೆ ಸೆರಾಮಿಕ್‌ನಲ್ಲಿ ಧೂಳು, ಸದ್ದು ಕಡಿಮೆ. ಅಲಾಯ್ ಚಕ್ರ ಕಪ್ಪಾಗಲ್ಲ. ಸೆಮಿ ಮೆಟಾಲಿಕ್ (ಲೋಹ ಬೆರೆತದ್ದು) ಬಿಸಿ ಚೆನ್ನಾಗಿ ತಡೆಯುತ್ತೆ, ಆದ್ರೆ ಡಿಸ್ಕನ್ನ ಬೇಗ ತಿನ್ನುತ್ತೆ, ಬೆಳಗಿನ ತಂಪಲ್ಲಿ ಕಿರುಚುತ್ತೆ. ಕಂಪನಿಯಿಂದ ಬರೋ ಪ್ಯಾಡ್ ಹೆಚ್ಚಾಗಿ ಆರ್ಗ್ಯಾನಿಕ್ ಜಾತಿ: ಮೆತ್ತಗಿರುತ್ತೆ, ಸದ್ದಿಲ್ಲ, ಸ್ವಲ್ಪ ಬೇಗ ಸವೆಯುತ್ತೆ. ನಿಮ್ಮ ಓಡಾಟಕ್ಕೆ ಕಂಪನಿ ಪ್ಯಾಡೋ, ಅದೇ ದರ್ಜೆಯ ಬಾಷ್, ರಾಣೆ, ಬ್ರೆಂಬೋ ಥರದ್ದೋ ಧಾರಾಳ ಸಾಕು.

ಕೊಳ್ಳುವಾಗ ಪ್ಯಾಡ್‌ನ ಅಂಚು ಅಥವಾ ಬೆನ್ನ ಮೇಲಿನ ಸಣ್ಣ ಅಕ್ಷರ ನೋಡಿ. ಉದ್ದನೆ ಕೋಡ್‌ನ ಕೊನೆಗೆ "ಎಫ್‌ಎಫ್", "ಇಎಫ್" ಥರ ಎರಡಕ್ಷರ ಇರುತ್ತೆ. ಮೊದಲನೇದು ಸಾಮಾನ್ಯ ಬಿಸಿಯಲ್ಲಿ ಹಿಡಿತ, ಎರಡನೇದು ಚೆನ್ನಾಗಿ ಕಾದ ಮೇಲಿನ ಹಿಡಿತ. "ಇ" ಅಂದ್ರೆ ಘರ್ಷಣೆ ಗುಣಾಂಕ 0.25ರಿಂದ 0.35, "ಎಫ್" ಅಂದ್ರೆ 0.35ರಿಂದ 0.45, "ಜಿ" ಅಂದ್ರೆ 0.45ರಿಂದ 0.55. ಎರಡನೇ ಅಕ್ಷರ ಮೊದಲನೇದಕ್ಕಿಂತ ಕೆಳಗಿದ್ರೆ ಕಾದಾಗ ಹಿಡಿತ ಬಿಡೋ ಪ್ಯಾಡು, ಬೆಟ್ಟ ಇಳಿಯೋರಿಗೆ ಬೇಡ. ಇದು ಒಳ್ಳೆಯದು ಕೆಟ್ಟದ್ದು ಅನ್ನೋ ಅಂಕಪಟ್ಟಿ ಅಲ್ಲ, ಬಾಳಿಕೆ ಬಗ್ಗೆ ಏನೂ ಹೇಳಲ್ಲ. ಆದ್ರೆ ಇಂಥ ಅಕ್ಷರ, ಬ್ಯಾಚ್ ನಂಬರ್ ಒಂದೂ ಇಲ್ಲದ ಬೋಳು ಪ್ಯಾಡ್ ಕೊಟ್ರೆ ವಾಪಸ್ ಕೊಡಿ. ಯುರೋಪಿನ ಆರ್ 90 ಗುರುತು ಇರೋ ಪ್ಯಾಡ್ ಅಂದ್ರೆ ಅದರ ಕೆಲಸ ಮೂಲ ಪ್ಯಾಡ್‌ಗಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಆಗಿರಬಾರದು ಅಂತ ಪರೀಕ್ಷೆ ಆಗಿದೆ ಅಂತ.

ತೂತಿನ ಡಿಸ್ಕ್ ಬೇಡವೇ ಬೇಡ. ದಿನದ ಓಡಾಟಕ್ಕೆ ಲಾಭ ಇಲ್ಲ, ತೂತಿನ ಅಂಚಿಂದ ಬಿರುಕು ಬಿಡೋ ಸಾಧ್ಯತೆ ಮಾತ್ರ ಜಾಸ್ತಿ. ನಡುವೆ ಗಾಳಿ ಆಡೋ ಸಂದಿರೋ ಮಾಮೂಲಿ ಡಿಸ್ಕೇ ಸರಿ. ಬೆಟ್ಟಕ್ಕೆ ಅನುಕೂಲ ಬೇಕಾದ್ರೆ ಎರಡನೇ ಗೇರಲ್ಲಿ ಇಳೀರಿ, ಅದಕ್ಕೆ ಕಾಸು ಖರ್ಚಿಲ್ಲ.

ಕಣದ_ರಾಗಿ (ಪಾಂಡವಪುರ)

ಗುರುವೇ, ಕಿರ್ರ್ ಅನ್ನೋದು ಬ್ರೇಕ್ ಒತ್ತಿದಾಗಲೋ ಸುಮ್ನೆ ಹೋಗುವಾಗಲೋ ಅದನ್ನ ಮೊದ್ಲು ಹೇಳಿ. ಪ್ಯಾಡ್‌ಗೆ ಅಂಟಿರೋ ಸಣ್ಣ ಉಕ್ಕಿನ ನಾಲಿಗೆ ಡಿಸ್ಕಿಗೆ ತಾಗಿದ್ರೆ ಸಾಮಾನ್ಯವಾಗಿ ಹೋಗ್ತಾ ಇದ್ದಾಗ್ಲೇ ಸಣ್ಣಗೆ ಕೀರುತ್ತೆ. ಡಿಸ್ಕ್‌ಗೂ ಅದರ ಹಿಂದಿನ ಧೂಳುತಗಡಿಗೂ ಮಧ್ಯೆ ಜಲ್ಲಿ ಚೂರು ಸಿಕ್ಕಿದ್ರೂ ಹಂಗೇ ಕಿರುಚುತ್ತೆ. ಸ್ಕ್ರೂಡ್ರೈವರಲ್ಲಿ ತಗಡು ಚೂರು ಹಿಂದಕ್ಕೆ ಒತ್ತಿದ್ರೆ ಕಲ್ಲು ಕೆಳಕ್ಕೆ ಬೀಳುತ್ತೆ, ಖರ್ಚು ಸೊನ್ನೆ.

ಇನ್ನೊಂದು. ನಮ್ ಕಡೆ ಸುಗ್ಗಿ ಟೈಮಲ್ಲಿ ಹುರುಳಿ, ರಾಗಿ ರಸ್ತೆ ಮೇಲೆ ಹರಡಿರ್ತಾರೆ. ಹುರುಳಿ ಬಳ್ಳಿ ಆಕ್ಸಲ್‌ಗೆ, ಕ್ಯಾಲಿಪರ್ (ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತೋ ಭಾಗ) ಸಂದಿಗೆ ಸುತ್ತಿಕೊಳ್ಳುತ್ತೆ. ಕಾದ ಡಿಸ್ಕ್ ಹತ್ರ ಒಣಹುಲ್ಲು ಇರಬಾರ್ದು, ಬೆಂಕಿ ಹತ್ತುತ್ತೆ. ಹಳೇ ರಸ್ತೆ ಬಿಟ್ಟು ಊರೊಳಗೆ ನುಗ್ಗಿದ ದಿನ ಇಳಿದು ಬಗ್ಗಿ ನೋಡಿ.

ನಾಲೆಬದಿ_ಸ್ವಿಫ್ಟ್ (ಮಂಡ್ಯ)

ಎಲ್ಲರಿಗೂ ಥ್ಯಾಂಕ್ಸ್. ಲೇತ್ ಅಂಗಡಿಯ ಮೈಕ್ರೋಮೀಟರಲ್ಲಿ ಅಳೆದದ್ದು ಇದು. ಕೊರೆದಿರೋ ಕನಿಷ್ಠಕ್ಕಿಂತ ಎಡ ಡಿಸ್ಕ್ 0.90 ಮಿ.ಮೀ. ಜಾಸ್ತಿ ಇದೆ, ಎಂಟೂ ಕಡೆ ಹೆಚ್ಚುಕಮ್ಮಿ ಒಂದೇ. ಬಲ ಡಿಸ್ಕ್ ಕಡಿಮೆ ಇರೋ ಕಡೆ 0.34, ಜಾಸ್ತಿ ಇರೋ ಕಡೆ 0.38 ಮೇಲಿದೆ.

ಪ್ಯಾಡ್: ಎಡ ಒಳಗೆ 4, ಹೊರಗೆ 4.5. ಬಲ ಒಳಗೆ 1.5, ಹೊರಗೆ 5. ಸದ್ದು ಸುಮ್ನೆ ಹೋಗುವಾಗ್ಲೂ ಇದೆ, ಬಲಗಡೆಯಿಂದ. ಕಲ್ಲು ಸಿಗಲಿಲ್ಲ.

ಹದಿನೇಳರ_ಪಾನ (ಮೈಸೂರು)

ಎಲ್ಲಾ ಉತ್ತರ ಆ 1.5 ಮತ್ತು 5ರಲ್ಲಿ ಇದೆ. ನಿಮ್ಮ ಗಾಡಿಯದು ಒಂದೇ ಕಡೆ ಪಿಸ್ಟನ್ ಇರೋ ಕ್ಯಾಲಿಪರ್. ಪಿಸ್ಟನ್ ಒಳ ಪ್ಯಾಡನ್ನ ಒತ್ತುತ್ತೆ, ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಿ ಬಂದು ಹೊರ ಪ್ಯಾಡನ್ನ ಎಳೆಯುತ್ತೆ. ಪಿನ್ ಹಿಡಿದುಕೊಂಡ್ರೆ ಕ್ಯಾಲಿಪರ್ ಜಾರಲ್ಲ, ಒಳಗಿನ ಪ್ಯಾಡ್ ಒಂದೇ ದುಡಿದು ಸಾಯುತ್ತೆ. ಪಿಸ್ಟನ್ ವಾಪಸ್ ಹೋಗದಿದ್ರೂ ಹೀಗೇ. ಕಿರ್ರ್ ಅಂತಿರೋದು ಆ ಒಳ ಪ್ಯಾಡ್‌ನ ನಾಲಿಗೆಯೇ ಇರಬೇಕು. ಪ್ಯಾಡ್ ಡಿಸ್ಕ್ ಎರಡೂ ಹೊಸದು ಹಾಕಿ ಪಿನ್ ಹಾಗೇ ಬಿಟ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಲೇತ್ ಆಗಲ್ಲ. ಬಲ ಡಿಸ್ಕ್ ನೇರ ಆಗೋಕೆ ಒಂದೊಂದು ಮುಖಕ್ಕೆ 0.2 ಮಿ.ಮೀ. ತೆಗೆದ್ರೂ ಒಟ್ಟು 0.4 ಹೋಯ್ತು, ಕನಿಷ್ಠಕ್ಕಿಂತ ಕೆಳಗೆ. ಎಡದ್ದು ಇನ್ನೂ ಬಾಳುತ್ತೆ, ಆದ್ರೂ ಒಂದು ಹೊಸದು ಒಂದು ಹಳೇದು ಹಾಕಬೇಡಿ. ತರಬೇಕಾದ್ದು: ಡಿಸ್ಕ್ ಜೋಡಿ, ಪ್ಯಾಡ್ ನಾಲ್ಕರ ಸೆಟ್ಟು, ಪಿನ್ ಬೂಟ್ (ಪಿನ್ ಮುಚ್ಚೋ ರಬ್ಬರ್) ಕಿಟ್, ಪ್ಯಾಡ್ ಕೂರೋ ಸ್ಟೀಲ್ ಕ್ಲಿಪ್ಪು, ಬ್ರೇಕ್ ಕ್ಲೀನರ್ ಎರಡು ಡಬ್ಬ, ಸಿಲಿಕೋನ್ ಬ್ರೇಕ್ ಗ್ರೀಸ್ ಒಂದು ಟ್ಯೂಬ್, ಬ್ರೇಕ್ ಆಯಿಲ್ 1 ಲೀಟರ್. ಪಾರ್ಟ್ ನಂಬರ್ ಚಾಸಿ ನಂಬರ್ ಕೊಟ್ಟೇ ತೆಗೆಸಿ. ಬರೀ ಮಾಡೆಲ್, ವರ್ಷ ಹೇಳಿದ್ರೆ ಬೇರೆ ಅಳತೆ ಡಿಸ್ಕ್ ಬರಬಹುದು. ಬಿಲ್ ಇಲ್ಲದೆ ತರಬೇಡಿ.

ಕೆಲಸ ಮಾಡುವಾಗ ಎದುರಿಗೆ ನಿಂತು ಇಷ್ಟು ನೋಡಿಕೊಳ್ಳಿ.

ಕ್ಯಾಲಿಪರ್ ಬಿಚ್ಚಿ ಬ್ರೇಕ್ ಪೈಪ್‌ನಲ್ಲಿ ನೇತುಬಿಡಬಾರದು, ತಂತಿ ಕಟ್ಟಿ ಸ್ಪ್ರಿಂಗ್‌ಗೆ ನೇತುಹಾಕಬೇಕು. ಡಿಸ್ಕ್ ಹಬ್‌ಗೆ ಹಿಡಿದಿದ್ರೆ ಸುತ್ತಿಗೆಯಲ್ಲಿ ಬಡಿಯೋಕೆ ಮುಂಚೆ ಅದರಲ್ಲಿ ಥ್ರೆಡ್ ಇರೋ ಎರಡು ಸಣ್ಣ ತೂತು ಇದೆಯಾ ನೋಡಿ. ಜಪಾನಿ ಮೂಲದ ಅನೇಕ ಗಾಡಿಗಳಲ್ಲಿ 8 ಮಿ.ಮೀ. ಬೋಲ್ಟ್ ಎರಡನ್ನ ಅಲ್ಲಿಗೆ ಹಾಕಿ ಸಮ ಸಮ ಬಿಗಿದ್ರೆ ಡಿಸ್ಕ್ ತಾನೇ ಎದ್ದು ಬರುತ್ತೆ. ಹಬ್ ಮುಖವನ್ನ ಲೋಹ ಹೊಳೆಯೋವರೆಗೂ ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಉಜ್ಜಬೇಕು. ಬೋಲ್ಟ್ ಬುಡದ ಸುತ್ತ ಇರೋ ತುಕ್ಕನ್ನ ಬಹಳ ಜನ ಬಿಟ್ಟುಬಿಡ್ತಾರೆ. ಹೊಸ ಡಿಸ್ಕ್ ಮೇಲೆ ತುಕ್ಕು ಹಿಡೀದಿರಲಿ ಅಂತ ಎಣ್ಣೆ ಹಚ್ಚಿರುತ್ತೆ, ಅದನ್ನ ಬ್ರೇಕ್ ಕ್ಲೀನರಲ್ಲೇ ತೆಗೀಬೇಕು. ಸೀಮೆಎಣ್ಣೆ, ಡೀಸೆಲ್ ಜಿಡ್ಡು ಬಿಡುತ್ತೆ.

ಡಿಸ್ಕ್ ಕೂರಿಸಿ ನಟ್ ಬಿಗಿದು, ಡಯಲ್ ಗೇಜ್ (ಓಲಾಟ ಅಳೆಯೋ ಮುಳ್ಳಿನ ಮಾಪಕ) ಇಟ್ಟು ಸುತ್ತಿಸಿದ್ರೆ ಓಲಾಟ 0.05 ಮಿ.ಮೀ. ಒಳಗಿರಬೇಕು. ಜಾಸ್ತಿ ಬಂದ್ರೆ ಡಿಸ್ಕನ್ನ ಒಂದು ಬೋಲ್ಟ್ ತೂತು ತಿರುಗಿಸಿ ಕೂರಿಸಿ ಮತ್ತೆ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತೆ.

ಪಿನ್‌ಗಳನ್ನ ಹೊರಗೆ ತೆಗೆದು ಹಳೇ ಗ್ರೀಸ್ ಪೂರ್ತಿ ಒರೆಸಿ. ಗೀರು, ತುಕ್ಕಿನ ಗುಳಿ ಇದ್ರೆ ಪಿನ್ ಹೊಸದೇ. ಕೆಲವು ಗಾಡಿಯಲ್ಲಿ ಎರಡು ಪಿನ್ ಒಂದೇ ಥರ ಇರಲ್ಲ, ಒಂದರ ತುದಿಗೆ ರಬ್ಬರ್ ಇರುತ್ತೆ, ಅದಲುಬದಲು ಆಗಬಾರದು. ಚಕ್ರದ ಬೇರಿಂಗ್‌ಗೆ ಹಾಕೋ ಗ್ರೀಸ್ ಇಲ್ಲಿ ಹಚ್ಚಿದ್ರೆ ಬೂಟ್ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತೆ. ನಿಮ್ಮದೂ ಹಾಗೇ ಆಗಿರಬಹುದು, ಬಿಚ್ಚಿದಾಗ ರಬ್ಬರ್ ದೊಗಲೆ ಆಗಿದೆಯಾ ನೋಡಿ. ಗ್ರೀಸ್ ಹಾಕಿದ ಪಿನ್ ಬೆರಳಲ್ಲಿ ಒತ್ತಿದ್ರೆ ಸಲೀಸಾಗಿ ಒಳಗೆ ಹೋಗಿ ಬರಬೇಕು.

ಪಿಸ್ಟನ್ ಒಳಗೆ ತಳ್ಳೋಕೆ ಸಿ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬ ತುಂಬಿ ಚೆಲ್ಲಬಹುದು, ಪೇಂಟ್ ಮೇಲೆ ಬಿದ್ರೆ ಸುಲಿದು ಬರುತ್ತೆ, ತಕ್ಷಣ ನೀರು ಹಾಕಿ. ಬ್ಲೀಡರ್‌ಗೆ (ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡೋ ಸಣ್ಣ ತಿರುಪು) ಪೈಪ್ ಹಾಕಿ, ತೆರೆದು, ಕೊಳೆ ಆಯಿಲ್ ಆಚೆ ಬರೋ ಹಾಗೆ ತಳ್ಳಿ, ಒತ್ತಿ ಹಿಡಿದಿರುವಾಗಲೇ ಬ್ಲೀಡರ್ ಮುಚ್ಚೋದು ಇನ್ನೂ ಒಳ್ಳೇದು. ಪಿಸ್ಟನ್ ಬಿಗಿಯಾಗಿ ಬಂದ್ರೆ, ಧೂಳುರಬ್ಬರ್ ಹರಿದಿದ್ರೆ ಸೀಲ್ ಕಿಟ್ಟೂ ಹಾಕಿಸಿ.

ಚಕ್ರದ ನಟ್ಟುಗಳನ್ನ ಎದುರು-ಬದಲು ಕ್ರಮದಲ್ಲಿ, ಟಾರ್ಕ್ ಪಾನದಲ್ಲಿ (ಬಿಗಿತ ಅಳೆದು ತೋರಿಸೋದು), ಗಾಡಿ ಪುಸ್ತಕದಲ್ಲಿ ಬರೆದಷ್ಟೇ ಬಿಗೀರಿ. ಗಾಳಿ ಗನ್ನಲ್ಲಿ ಒಂದೇ ಏಟಿಗೆ ಬಿಗಿದ್ರೆ ಹೊಸ ಡಿಸ್ಕ್ ಮೊದಲ ದಿನವೇ ಓರೆ.

ಮೆಟ್ಟಿಲು1000 (ಮೈಸೂರು)

ಮೇಲಿನದ್ದಕ್ಕೆ ಸೇರಿಸೋದು ಒಂದೇ: ಗಾಡಿ ಕದಲಿಸೋಕೆ ಮುಂಚೆ ಪೆಡಲ್ ಗಟ್ಟಿ ಆಗೋವರೆಗೂ ಒತ್ತಿ ಒತ್ತಿ ಬಿಡಿ. ಒಳಗೆ ತಳ್ಳಿದ ಪಿಸ್ಟನ್ ಪ್ಯಾಡ್‌ವರೆಗೆ ಬಂದಿರಲ್ಲ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲದೆ ಎದುರಿಗಿರೋ ಗ್ಯಾರೇಜ್ ಗೋಡೆಗೆ ಗುದ್ದುತ್ತೆ.

ಆಮೇಲೆ ಪ್ಯಾಡ್ ಪಳಗಿಸೋದು. ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ಕಿ.ಮೀ. ಓಡಿಸಿ. ಪೂರ್ತಿ ನಿಲ್ಲಿಸಿ ಬ್ರೇಕ್ ಒತ್ತಿಕೊಂಡು ಇರಬೇಡಿ. ಕಾದ ಪ್ಯಾಡ್ ಅದೇ ಜಾಗಕ್ಕೆ ಮಸಾಲೆ ಅಂಟಿಸಿ ಹೊಸದಾಗಿ ಅದುರು ಕೊಡುತ್ತೆ. ಕೊನೆಗೆ ನಾಲ್ಕೈದು ಕಿ.ಮೀ. ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣ್ಣಗೆ ಮಾಡಿ. ಮೊದಲ 200–300 ಕಿ.ಮೀ. ಎಕ್ಸ್‌ಪ್ರೆಸ್‌ವೇನಲ್ಲಿ ಮುಂದಿನ ಗಾಡಿಗೆ ದೂರ ಬಿಡಿ. 100ರಿಂದ ನಿಲ್ಲಿಸೋಕೆ 60ರಿಂದ ನಿಲ್ಲಿಸೋದರ ಸುಮಾರು 2.8 ಪಟ್ಟು ಶಾಖ ಡಿಸ್ಕ್ ಕುಡಿಯಬೇಕು.

ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಹಾಕಿ. ಡಾಟ್ 3 ಹೊಸದರಲ್ಲಿ ಕನಿಷ್ಠ 205 ಡಿಗ್ರಿಗೆ ಕುದಿಯುತ್ತೆ, ನೀರು ಹೀರಿದ ಮೇಲೆ 140ಕ್ಕೆ. ಡಾಟ್ 4 ಆದ್ರೆ 230, 155. ಬೆಟ್ಟ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗೆ ಆಗೋದು ಹಳೇ ಆಯಿಲ್ ಕುದ್ದು ಆವಿ ಆದಾಗ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಶೆಲ್ಫ್ ಮೇಲೆ ಕಳೆದ ವರ್ಷ ಒಡೆದಿಟ್ಟ ಬಾಟಲ್‌ನದ್ದು ಹಾಕೋಕೆ ಬಿಡಬೇಡಿ. ಡಾಟ್ 5 ಸಿಲಿಕೋನ್, ಅದನ್ನ ಇದರ ಜೊತೆ ಬೆರೆಸಲೇಬಾರದು.

ಕಣದ_ರಾಗಿ (ಪಾಂಡವಪುರ)

ಹಿಂದಿನ ಡ್ರಮ್ಮೂ ಒಂದ್ಸಲ ಬಿಚ್ಚಿಸಿ. ಧೂಳು ತುಂಬಿ, ಶೂ ಅಡ್ಜಸ್ಟ್ ಇಲ್ದೆ ಹಿಂದಿನ ಬ್ರೇಕ್ ಕೆಲಸ ಮಾಡ್ದಿದ್ರೆ ಭಾರ ಎಲ್ಲ ಮುಂದಕ್ಕೇ. ಹ್ಯಾಂಡ್‌ಬ್ರೇಕ್ ತೀರಾ ಮೇಲಕ್ಕೆ ಬರ್ತಾ ಇದ್ರೆ ಅದೇ ಗುರುತು.

ಮತ್ತೆ ಆಯುಧಪೂಜೆಗೆ ಗಾಡಿ ತೊಳೀವಾಗ ಓಡಿಸಿ ಬಂದ ತಕ್ಷಣ ಚಕ್ರಕ್ಕೆ ಪೈಪ್ ಹಿಡೀಬೇಡಿ, ಡಿಸ್ಕ್ ಕೈಗೆ ತಣ್ಣಗಾಗ್ಲಿ. ತೊಳೆದ ಮಾರನೇ ದಿನ ಡಿಸ್ಕ್ ಮೇಲೆ ಕಂದು ತುಕ್ಕು ಕಂಡ್ರೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಹಾಕಿದ್ರೆ ಹೋಗುತ್ತೆ.