ಕೊನೊಕಾರ್ಪಸ್ ಬ್ಯಾಡ್ರಿ ಕಾಕಾರ

ಕಾಕಾರ, ನಿನ್ನೆ ನೀವು ಗ್ರುಪ್‌ನ್ಯಾಗ ಹಾಕಿದ್ದ ನೋಡೀನ್ರಿ, ಲೇಔಟಿನ ಎರಡೂ ರೋಡಿಗೆ ಇನ್ನೂರ ಕೊನೊಕಾರ್ಪಸ್ ಗಿಡ ತರೂಣು, ವರ್ಷದಾಗ ಹಸರ ಗ್ವಾಡಿ ನಿಂತಂಗ ಆಗತೈತಿ ಅಂದೀರಿ. ಟೈಪ್ ಮಾಡಕೋತ ಕುಂತ್ರ ಹೊತ್ತಾಗತೈತಂತ ಮಾತಾಡೇ ಹೇಳಾಕತ್ತೀನಿ, ಉದ್ದ ಆತಂದ್ರ ಬೈಬ್ಯಾಡ್ರಿ.

ಲಗೂನ ಬೆಳೀತೈತಿ ಖರೇ. ಆದ್ರ ಅದರ ಬೇರು ನೀರು ಹುಡಕೋತ ಹೋಗಿ ಯುಜಿಡಿ, ಅಂದ್ರ ನೆಲದೊಳಗಿನ ಗಟಾರ ಪೈಪಿನ್ಯಾಗ ಹೊಕ್ಕೊಂತಾವು, ಹೂವಿನ ಪುಡಿಗೆ ಕೆಲವರಿಗೆ ನೆಗಡಿ, ಉಬ್ಬಸ, ಗುಜರಾತ್ ಸರ್ಕಾರ 2023ರಾಗ ಇದನ್ನ ಹಚ್ಚಬಾರದಂತ ಬ್ಯಾನ್ ಮಾಡೇತಿ. ನಮ್ಮ ವಿಜಯಪುರ ಜಿಲ್ಲಾದಾಗ ಮೊದಲಿಗೇ ಅಡವಿ ಅಂಬೂದು ಲೆಕ್ಕಕ್ಕಿಲ್ಲ, ಅದಕ್ಕ ಕೋಟಿ ವೃಕ್ಷ ಅಭಿಯಾನ ಅಂತ ಮಾಡಿದ್ದು, ಹಿಂತಾದ್ರಾಗ ನಾವು ಗಿಡ ಹಚ್ಚೂದು ಅಂದ್ರ ನಾಕ ದಿನದ ಚಂದಕ್ಕ ಆಗಬಾರದಲ್ರಿ.

ಹೋದ ಮಳಿಗಾಲಕ್ಕ ಫೋಟೊ ತಗಸ್ಕೊಂಡು ಅರವತ್ತ ಸಸಿ ಹಚ್ಚಿದ್ವಿ, ಈಗ ಎಣಸ್ರಿ, ಹನ್ನೊಂದ ಅದಾವ. ನಮ್ಮನಿ ಮುಂದಿನ ಬೇವು ಒಣಗಿತ್ತು, ಹಿಡದು ಜಗ್ಗಿದ್ರ ಮೂಲಂಗಿ ಕಿತ್ತಂಗ ಬಂತ್ರಿ, ಕರೇ ಪ್ಲಾಸ್ಟಿಕ್ ಚೀಲ ಹಂಗಽ ಐತಿ, ಒಳಗ ಬೇರು ಸಿಂಬಿ ಸುತ್ತಿದಂಗ ಸುತಗೊಂಡು ಕುಂತಾವು, ಒಂದ ಎಳಿ ಸೈತ ಹೊರಗ ಬಂದಿಲ್ಲ. ಗುತ್ತಿಗಿ ಹಿಡದಾಂವ ಗೇಣ ತಗ್ಗ ತಗದು ಚೀಲ ಸಮೇತ ಇಟ್ಟ ಹೋಗ್ಯಾನು. ನಾವೂ ನೋಡಲಿಲ್ಲ, ಚಾ ಕುಡಕೋತ ನಿಂತಿದ್ವಿ.

ನಮ್ಮದು ಎರಿ ಮಣ್ಣ. ಮಳಿ ಬಂದ್ರ ತಗ್ಗಿನ್ಯಾಗ ನೀರ ನಿಂತ ಬೇರು ಕೊಳಿತಾವು, ಬ್ಯಾಸಗ್ಯಾಗ ಬಾಯಿ ಬಿಟ್ರ ಕೈ ಹೋಗುವಷ್ಟ ಬಿರಕ, ಬೇರು ಕಟ್ ಅಂತ ಹರೀತಾವು. ಅದಕ್ಕ ತಗ್ಗ ಈಗಽ ತಗದು ಬಿಸಲಿಗೆ ಬಿಡೂಣು, ಮೂರ ಫೂಟ್ ಅಗಲ ಮೂರ ಫೂಟ್ ಆಳ, ಮಸಾರಿ ಮಣ್ಣು ತಿಪ್ಪಿ ಗೊಬ್ಬರ ಕಲಿಸಿ ತುಂಬೂಣು, ಮಿರಗ (ಮೃಗಶಿರಾ) ಮಳಿ ಆಗಿ ನೆಲ ಹಸಿ ಆದಮ್ಯಾಲ ಬ್ಲೇಡಿಲೆ ಚೀಲ ಸೀಳಿ ಹಚ್ಚೂಣು. ಗೂಟಕ್ಕ ಹಳೇ ಸೀರಿ ಚೂರಿಲೆ ಸಡಲ ಕಟ್ಟಬೇಕು, ತಂತಿ ಬ್ಯಾಡ. ಬುಡಕ್ಕ ಕಬ್ಬಿನ ರವದಿ ಹಾಸಿದ್ರ ಬಿರಕ ಕಮ್ಮಿ.

ಲೈಟಿನ ತಂತಿ ಇರೋ ಬಾಜೂಕ ಕಣಗಿಲ, ದಾಸವಾಳ ಸಾಕು, ಇಲ್ಲಂದ್ರ ಲೈಟಿನ ಮಂದಿ ಪ್ರತಿ ವರ್ಷ ಬಂದು ಗಿಡದ ತಲಿ ಕಡದು ಹೋಗ್ತಾರ. ಇನ್ನೊಂದ ಬಾಜೂಕ ಬೇವು, ಹೊಂಗಿ, ಇಪ್ಪತ್ತ ಫೂಟಿಗೆ ಒಂದು. ಗುಲ್‌ಮೊಹರ್ ಚಂದ ಖರೇ, ಗಾಳಿಗೆ ಟೊಂಗಿ ಮುರದು ಕಾರ್ ಮ್ಯಾಲೆ ಬೀಳತಾವು.

ಮುಖ್ಯ ಮಾತು ನೀರಿಂದು. ಇನ್ನೂರ ಸಸಿಗೆ ಯಾರ್ ಹಾಕ್ತಾರ್ರಿ, ಅರ್ಧ ಪ್ಲಾಟಿನ ಮಾಲಕರು ಪುಣೆ ಬೆಂಗಳೂರಾಗ ಅದಾರ. ಮಂದಿ ಇರೋ ಮನಿ ನಲವತ್ತೆರಡು, ಗಿಡಾನೂ ನಲವತ್ತೆರಡಽ ತರೂಣು, ಮನಿಗೊಂದು, ಎರಡ ಬ್ಯಾಸಗಿ ಮುಗಿಯೂತನ ಮೂರ ದಿನಕ್ಕೊಮ್ಮೆ ಎರಡ ಬಕೀಟ. ಕಾಯಿಪಲ್ಲೆ ತೊಳದ ನೀರ ನಡೀತೈತಿ, ಆರ್‌ಓ ಫಿಲ್ಟರ್ ಹೊರಗ ಬಿಟ್ಟ ನೀರ ಮಾತ್ರ ಬ್ಯಾಡ, ನಮ್ಮ ಬೋರಿನ ನೀರಽ ಸವಳು, ಅದು ಇನ್ನೂ ಉಪ್ಪ.

ರವಿವಾರ ಅರಣ್ಯ ಇಲಾಖೆ ನರ್ಸರಿಗೆ ಹೋಗಿ ಕೇಳ್ಕೊಂಡ ಬರ್ತೀನಿ. ಗ್ರುಪ್‌ನ್ಯಾಗ ಕೇಳಾಕತ್ತಿರೋ ವೈನಿ, ನಿಮ್ಮನಿ ಮುಂದ ಬೇವು ಬೇಕೋ ಹೊಂಗಿ ಬೇಕೋ ಇವತ್ತ ರಾತ್ರಿ ಹೇಳಿಬಿಡ್ರಿ.